ಮೊದಲು ಬಾಗಿಲು, ಆಮೇಲೆ ಆಂಪ್ಲಿಫೈಯರ್
ಓದುಗರ ಪ್ರಶ್ನೆ, ತಜ್ಞರ ಉತ್ತರ: ಕಾರಿನ ಆಡಿಯೋ

ಪ್ರಶ್ನೆ: ನನ್ನದು ಹಳೆಯ ಹ್ಯಾಚ್‌ಬ್ಯಾಕ್. ಸ್ಟೀರಿಯೋ ಮೇಲೆ '50 ವ್ಯಾಟ್ x 4' ಎಂದು ಬರೆದಿದೆ. ಮುಂದಿನ ಬಾಗಿಲುಗಳಿಗೆ ಆರೂವರೆ ಇಂಚಿನ ಒಳ್ಳೆಯ ಸ್ಪೀಕರ್ ಹಾಕಿಸುವ ಯೋಚನೆಯಿದೆ. ಆಂಪ್ಲಿಫೈಯರ್ ಇಲ್ಲದಿದ್ದರೆ ಸ್ಪೀಕರ್ ಬದಲಿಸುವುದೇ ದಂಡ ಅಂತಾರೆ ಅಂಗಡಿಯವರು. ನಿಜವೇ? – ಹಾಸನದ ಓದುಗರು

ಉತ್ತರ: ಎಲ್ಲರಿಗೂ ಅನ್ವಯಿಸುವ ಮಾತಲ್ಲ ಅದು. ಆ 50 ವ್ಯಾಟ್ ಎಲ್ಲಿಂದ ಬಂತು ಅಂತ ಮೊದಲು ನೋಡಿ. ಎಂಜಿನ್ ಓಡುವಾಗ ಸ್ಟೀರಿಯೋಗೆ ಸಿಗುವುದು ಸುಮಾರು 14.4 ವೋಲ್ಟ್. ಅದರ ವರ್ಗವನ್ನು ಸ್ಪೀಕರಿನ 4 ಓಮ್‌ನಿಂದ ಭಾಗಿಸಿದರೆ 52 ಬರುತ್ತದೆ. ಅಂದರೆ ಪೂರ್ತಿ ಒಡೆದುಹೋದ, ಯಾರೂ ಕೇಳಲಾಗದ ಸದ್ದಿನ ಲೆಕ್ಕ ಅದು. ಒಳಗಿನ ಚಿಪ್ ಒಂದೆರಡು ವೋಲ್ಟ್ ತಾನೇ ನುಂಗುತ್ತದೆ. ಸದ್ದು ಒಡೆಯದಂತೆ ನುಡಿಸಿದರೆ ಪ್ರತಿ ಚಾನೆಲ್‌ಗೆ, ಅಂದರೆ ಪ್ರತಿ ಸ್ಪೀಕರಿಗೆ, ಸಿಗುವುದು 15ರಿಂದ 20 ವ್ಯಾಟ್ ಆರ್‌ಎಂಎಸ್ (ಸತತವಾಗಿ ಸಿಗುವ ನಿಜವಾದ ಶಕ್ತಿ). ಯಾವ ಬ್ರ್ಯಾಂಡ್ ಆದರೂ ಸಾಮಾನ್ಯವಾಗಿ ಇಷ್ಟೇ.

ಹಾಗಾಗಿ ಸ್ಪೀಕರ್ ಡಬ್ಬದ ಮೇಲಿನ '300 ವ್ಯಾಟ್' ಓದಿ ಹಿಗ್ಗಬೇಡಿ. ನೋಡಬೇಕಾದ್ದು ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಎಂಬುದು. 3 ಡೆಸಿಬೆಲ್ ಕಡಿಮೆಯಾದರೆ ಅಷ್ಟೇ ಸದ್ದಿಗೆ ಎರಡರಷ್ಟು ವ್ಯಾಟ್ ಬೇಕು. 86 ಡೆಸಿಬೆಲ್‌ನ ದುಬಾರಿ ಸ್ಪೀಕರ್ ನಿಮ್ಮ ಸ್ಟೀರಿಯೋದಲ್ಲಿ ಮಂಕಾಗಿಯೇ ಇರುತ್ತದೆ. 91ರದ್ದು ಅದೇ 18 ವ್ಯಾಟ್‌ನಲ್ಲಿ ಕಾರು ತುಂಬಿಸುತ್ತದೆ. ಒಂದು ಎಚ್ಚರಿಕೆ: ಕೆಲವರು 1 ವ್ಯಾಟ್ ಬದಲು 2.83 ವೋಲ್ಟ್‌ಗೆ ಅಳೆದು ಹಾಕುತ್ತಾರೆ. 4 ಓಮ್ ಸ್ಪೀಕರಿಗೆ ಅದು 2 ವ್ಯಾಟ್, ಆದ್ದರಿಂದ ಅಂಕಿ 3 ಡೆಸಿಬೆಲ್ ಉಬ್ಬಿರುತ್ತದೆ. ಕಳೆದು ಓದಿಕೊಳ್ಳಿ. ಸ್ಟೀರಿಯೋ ಲೇಬಲ್ಲಿನಲ್ಲಿ 4 ಓಮ್ ಎಂದಿದ್ದರೆ 2 ಓಮ್ ಸ್ಪೀಕರ್ ಬೇಡ. ಚಿಪ್ ಕಾಯ್ದು ಆಫ್ ಆಗುತ್ತದೆ, ಇಲ್ಲವೇ ಸುಟ್ಟೇ ಹೋಗುತ್ತದೆ.

ಆಂಪ್ಲಿಫೈಯರ್ ಬೇಕೋ ಬೇಡವೋ ಎಂಬುದನ್ನು ಹೆದ್ದಾರಿಯೇ ಹೇಳಲಿ. ಬೇಸ್ ಮತ್ತು ಟ್ರೆಬಲ್ ಸೊನ್ನೆಗಿಟ್ಟು, ಲೌಡ್‌ನೆಸ್ ಆಫ್ ಮಾಡಿ, ಗಾಜು ಏರಿಸಿ, 80 ಕಿ.ಮೀ. ವೇಗದಲ್ಲಿ ವಾಲ್ಯೂಮ್ ಏರಿಸುತ್ತಾ ಹೋಗಿ. ನಿಮಗೆ ಸಾಕೆನಿಸುವ ಮೊದಲೇ ಹಾಡು ಒಡೆದರೆ ವ್ಯಾಟ್ ಸಾಲದು, ಆಂಪ್ಲಿಫೈಯರ್ ಹಾಕಿಸಿ. ಸದ್ದು ಬೇಕಾದಷ್ಟಿದ್ದೂ ತೆಳ್ಳಗೆ ಕೇಳಿದರೆ ಕೊರತೆ ಬಾಗಿಲಿನದು. ಆಂಪ್ಲಿಫೈಯರ್ ಅದನ್ನು ಸರಿಮಾಡದು. ಸಬ್‌ವೂಫರ್ ಬೇಕೆಂದರೆ ಮಾತ್ರ ಚರ್ಚೆಯೇ ಇಲ್ಲ, ಆಂಪ್ಲಿಫೈಯರ್ ಬೇಕೇ ಬೇಕು. ಬರೀ ಊರೊಳಗೆ ಓಡಾಡುವವರಿಗೆ ಸೆನ್ಸಿಟಿವಿಟಿ 90 ದಾಟಿದ ಕೋಆಕ್ಸಿಯಲ್ (ವೂಫರ್, ಟ್ವೀಟರ್ ಒಂದೇ ಚೌಕಟ್ಟಿನಲ್ಲಿರುವ) ಸ್ಪೀಕರ್ ಜೋಡಿಯೊಂದು ಧಾರಾಳವಾಯಿತು. ಹಿಂಬಾಗಿಲಿನ ಸ್ಪೀಕರ್ ಇದ್ದದ್ದೇ ಇರಲಿ, ಆ ದುಡ್ಡನ್ನೂ ಮುಂದಕ್ಕೇ ಸುರಿಯಿರಿ.

ಪ್ರಶ್ನೆ: ಹೊಸ ಸ್ಪೀಕರ್ ಹಾಕಿಸಿದ ಮೇಲೆ ಬೇಸ್ ಮೊದಲಿಗಿಂತ ಕಡಿಮೆಯಾಗಿದೆ. ಬಾಗಿಲು ಗರಗರ ಅನ್ನುತ್ತದೆ. ಕಂಪನಿಯದ್ದೇ ವಾಸಿಯಿತ್ತು ಅನ್ನಿಸುತ್ತಿದೆ. – ಸಾಗರದ ಓದುಗರು

ಉತ್ತರ: ಸ್ಪೀಕರ್ ವಾಪಸ್ ಕೊಡಲು ಹೋಗಬೇಡಿ. ಇಂಥ ದೂರುಗಳಲ್ಲಿ ತಪ್ಪು ಹೆಚ್ಚಾಗಿ ಜೋಡಣೆಯದು.

ಮೊದಲ ಅನುಮಾನ ಪ್ಲಸ್-ಮೈನಸ್ ಮೇಲೆ. ಒಂದು ಬದಿಯ ತಂತಿ ಅದಲುಬದಲಾಗಿದ್ದರೆ ಎಡದ ಸ್ಪೀಕರಿನ ಕೋನ್ (ಕಂಪಿಸುವ ಪರದೆ) ಹೊರಬರುವಾಗ ಬಲದ್ದು ಒಳಹೋಗುತ್ತದೆ. ಎರಡರ ಬೇಸ್ ಒಂದನ್ನೊಂದು ಅಳಿಸಿಹಾಕುತ್ತದೆ. ಬೇಸ್ ಗಟ್ಟಿಯಾಗಿರುವ ಹಾಡು ಹಾಕಿ, ಬ್ಯಾಲೆನ್ಸ್ ಅನ್ನು ಒಂದು ಬದಿಗೆ ತಿರುಗಿಸಿ. ನಡುವಿನಲ್ಲಿದ್ದಾಗಿನದಕ್ಕಿಂತ ಆಗ ಬೇಸ್ ಹೆಚ್ಚಾದರೆ ತಪ್ಪು ಸಿಕ್ಕಿತು. ಖಚಿತ ಮಾಡಿಕೊಳ್ಳಲು ಸ್ಪೀಕರಿನ ತಂತಿ ಪೂರ್ತಿ ಬಿಚ್ಚಿ, ಪ್ಲಸ್‌ಗೆ 1.5 ವೋಲ್ಟ್ ಪೆನ್ಸಿಲ್ ಸೆಲ್ಲಿನ ಪ್ಲಸ್, ಮೈನಸ್‌ಗೆ ಮೈನಸ್ ಒಂದು ಕ್ಷಣ ತಾಗಿಸಿ. ಕೋನ್ ಹೊರಕ್ಕೆ ಚಿಮ್ಮಬೇಕು. ಸ್ಟೀರಿಯೋ ಜೋಡಿಸಿಕೊಂಡೇ ಈ ಪರೀಕ್ಷೆ ಮಾಡಿದರೆ ಕರೆಂಟ್ ಅದರೊಳಕ್ಕೆ ಹೋಗುತ್ತದೆ, ಜೋಕೆ.

ಅದು ಸರಿಯಿದ್ದರೆ ಬಾಗಿಲಿನ ಟ್ರಿಮ್ (ಒಳಹೊದಿಕೆ) ಬಿಚ್ಚಿಸಿ. ಸ್ಪೀಕರ್ ಮುಂದಕ್ಕೆಷ್ಟೋ ಹಿಂದಕ್ಕೂ ಅಷ್ಟೇ ಸದ್ದು ಹೊರಡಿಸುತ್ತದೆ, ಆದರೆ ಉಲ್ಟಾ. ಬಾಗಿಲಿನ ಒಳತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳಿದ್ದು, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮಾತ್ರ ಇರುತ್ತದೆ. ಹಿಂದಿನ ಸದ್ದು ಅಲ್ಲಿಂದ ನುಸುಳಿ ಬಂದು ಮುಂದಿನ ಬೇಸನ್ನು ತಿನ್ನುತ್ತದೆ. ಕಂಪನಿ ಸ್ಪೀಕರಿನ ಚೌಕಟ್ಟು ಆ ಬಾಗಿಲಿಗೆಂದೇ ಅಚ್ಚು ಹೊಡೆದದ್ದು, ಬಿಗಿಯಾಗಿ ಕೂತಿತ್ತು. ಹೊಸದನ್ನು ಆ ತೂತಿಗೆ ಹೊಂದಿಸಿ ಕೂರಿಸಲು ರಿಂಗ್ ಬೇಕಾಯಿತು, ರಿಂಗಿನ ಸುತ್ತ ಸಂದು ಉಳಿಯಿತು.

ಆದದ್ದರಿಂದ ಕೆಲಸ ಹೀಗೆ ನಡೆಯಲಿ. ಹೊರತಗಡಿನ ಒಳಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಸ್ಪೀಕರಿನ ಹಿಂಬದಿಗೆ ನೇರ ಬರುವ ಜಾಗದಲ್ಲಿ ಅಲ್ಯೂಮಿನಿಯಂ ಹೊದಿಕೆಯ 2 ಮಿ.ಮೀ. ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಿ ರೋಲರ್ ಒತ್ತಿಸಿ. ತಗಡು ಪೂರ್ತಿ ಮುಚ್ಚಬೇಕಿಲ್ಲ, ನಾಲ್ಕರಲ್ಲೊಂದು ಪಾಲು ಮುಚ್ಚಿದರೂ ಕಂಪನ ಚೆನ್ನಾಗಿ ಇಳಿಯುತ್ತದೆ. ಬಿಟುಮೆನ್ ಶೀಟ್ ಅಗ್ಗ, ಆದರೆ ಬಿಸಿಲಿಗೆ ಮೆತ್ತಗಾಗಿ ವಾಸನೆ ಬರುತ್ತದೆ, ಬೇಡ. ಒಳತಗಡಿನ ತೂತುಗಳನ್ನೂ ಅದೇ ಶೀಟಿನಿಂದ ಮುಚ್ಚಿಸಿ. ದೊಡ್ಡ ತೂತಿಗೆ ಹಿಂದೆ ಎಬಿಎಸ್ ಪ್ಲಾಸ್ಟಿಕ್ ಹಲಗೆಯ ಆಸರೆ ಇರಲಿ. ಬಾಗಿಲಿನ ಬುಡದ ನೀರಿನ ಕಿಂಡಿಗಳನ್ನು ಮಾತ್ರ ಮುಟ್ಟಕೂಡದು. ಮಲೆನಾಡಿನ ಮಳೆಯಲ್ಲಿ ಗಾಜಿನ ಬುಡದಿಂದ ಇಳಿವ ನೀರಿಗೆ ದಾರಿ ಅದೊಂದೇ. ಮುಚ್ಚಿದರೆ ಬಾಗಿಲು ತುಕ್ಕು ಹಿಡಿಯುತ್ತದೆ. ಇದೇ ಕಾರಣಕ್ಕೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ರಿಂಗ್ ನಿಮ್ಮ ಕಡೆ ಬೇಡವೇ ಬೇಡ. ನೀರು ಕುಡಿದು ಊದಿಕೊಂಡು ಸ್ಕ್ರೂ ಸಡಿಲಾಗುತ್ತದೆ, ಗರಗರಕ್ಕೆ ಇದೂ ಒಂದು ಕಾರಣ. ಪ್ಲಾಸ್ಟಿಕ್ ರಿಂಗ್ ಕೇಳಿ, ರಿಂಗಿಗೂ ತಗಡಿಗೂ ನಡುವೆ ಫೋಮ್ ಟೇಪ್ ಹಾಕಿಸಿ. ಟ್ರಿಮ್ ಮುಚ್ಚುವ ಮುನ್ನ ಗಾಜನ್ನು ಪೂರ್ತಿ ಇಳಿಸಿ ನೋಡಿ: ಸ್ಪೀಕರಿನ ಆಯಸ್ಕಾಂತಕ್ಕೆ ಗಾಜು ತಾಗಿ ಒಡೆದದ್ದುಂಟು. ಟ್ರಿಮ್ಮಿನ ಕ್ಲಿಪ್ ಮುರಿದಿದ್ದರೆ ಹೊಸದು ಹಾಕಿಸಿ.

ಪ್ರಶ್ನೆ: ಸೀಟಿನ ಕೆಳಗೆ ನಾಲ್ಕು ಚಾನೆಲ್ ಆಂಪ್ಲಿಫೈಯರ್ ಕೂರಿಸಿದ್ದಾರೆ. ಆಕ್ಸಿಲರೇಟರ್ ಒತ್ತಿದಂತೆ ಕುಂಯ್ ಎಂಬ ಸದ್ದು ಏರುತ್ತದೆ. ಮಧ್ಯಾಹ್ನದ ಹೊತ್ತು ತಾನಾಗಿ ಬಂದ್ ಆಗುತ್ತದೆ. – ಕಲಬುರಗಿಯ ಓದುಗರು

ಉತ್ತರ: ಕುಂಯ್ ಅನ್ನುವುದು ಆಲ್ಟರ್ನೇಟರಿನ ಸದ್ದು. ಆಂಪ್ಲಿಫೈಯರ್ ಆಫ್ ಮಾಡಿ ಆರ್‌ಸಿಎ (ಸ್ಟೀರಿಯೋದಿಂದ ಸಿಗ್ನಲ್ ತರುವ ತಂತಿ) ಪಿನ್ ಕಿತ್ತು, ಮತ್ತೆ ಆನ್ ಮಾಡಿ. ಸದ್ದು ನಿಂತರೆ ಅದು ಸಿಗ್ನಲ್ ತಂತಿಯ ಮೂಲಕ ಬರುತ್ತಿದೆ: ಆರ್‌ಸಿಎ ಒಂದು ಬದಿಯಲ್ಲೂ ಬ್ಯಾಟರಿ ತಂತಿ ಇನ್ನೊಂದು ಬದಿಯಲ್ಲೂ ಹೋಗಲಿ. ನಿಲ್ಲದಿದ್ದರೆ ಅರ್ಥ್ ನೋಡಿ. ಸೀಟಿನ ಬೋಲ್ಟಿಗೆ ಸುತ್ತಿದ ಅರ್ಥ್ ನೆಚ್ಚಬೇಡಿ. ಬಾಡಿಯ ಬಣ್ಣ ಕೆರೆದು, ಹೊಳೆಯುವ ತಗಡಿಗೆ ರಿಂಗ್ ಟರ್ಮಿನಲ್ ಬಿಗಿದು, ಮೇಲೆ ಬಣ್ಣ ಹಚ್ಚಬೇಕು. ತಂತಿ ಒಂದೂವರೆ ಅಡಿಗಿಂತ ಉದ್ದ ಬೇಡ.

ಬಂದ್ ಆಗುವುದು ಶಾಖದಿಂದ. ನಿಮ್ಮೂರಿನ ಬೇಸಿಗೆಗೆ ಕ್ಲಾಸ್ ಎಬಿ ಎಂಬ ಬಗೆಗಿಂತ ಕಡಿಮೆ ಬಿಸಿಯಾಗುವ ಕ್ಲಾಸ್ ಡಿ ಬಗೆಯ ಆಂಪ್ಲಿಫೈಯರ್ ಒಳ್ಳೆಯದು. ಈಗಿರುವುದನ್ನೇ ಉಳಿಸಿಕೊಳ್ಳುವುದಾದರೆ ಕಾರ್ಪೆಟ್ ಮೇಲಿಂದ ಎತ್ತಿ, ಅಡಿಯಲ್ಲಿ ಗಾಳಿಯಾಡುವಂತೆ ಬ್ರ್ಯಾಕೆಟ್ ಕೊಡಿಸಿ. ಗೇನ್ ಪೂರ್ತಿ ತಿರುಗಿಸಿಟ್ಟಿರುವುದೂ ಇದಕ್ಕೆ ಕಾರಣವಿರಬಹುದು; ಅದು ಸ್ಟೀರಿಯೋದ ಸಿಗ್ನಲ್ಲಿಗೆ ಆಂಪ್ಲಿಫೈಯರನ್ನು ಹೊಂದಿಸುವ ಗುಂಡಿ, ವಾಲ್ಯೂಮ್ ಗುಂಡಿಯಲ್ಲ. ಸ್ಪೀಕರ್ ಬಿಚ್ಚಿ, ಫಿಲ್ಟರ್ ಮತ್ತು ಬೇಸ್ ಬೂಸ್ಟ್ ಆಫ್ ಮಾಡಿ, ಸ್ಟೀರಿಯೋವನ್ನು ಮುಕ್ಕಾಲು ವಾಲ್ಯೂಮಿನಲ್ಲಿಟ್ಟು 60 ಹರ್ಟ್ಸ್ ಟೋನ್ ನುಡಿಸಿ. ಆಂಪ್ಲಿಫೈಯರಿನ ಔಟ್‌ಪುಟ್‌ಗೆ ಮಲ್ಟಿಮೀಟರನ್ನು ಎಸಿ ವೋಲ್ಟ್‌ನಲ್ಲಿ ಹಿಡಿಯಿರಿ. ಆಂಪ್ಲಿಫೈಯರ್ ಚಾನೆಲ್‌ಗೆ 50 ವ್ಯಾಟ್, ಸ್ಪೀಕರ್ 4 ಓಮ್ ಎಂದರೆ 50 x 4 = 200, ಅದರ ವರ್ಗಮೂಲ 14.1 ವೋಲ್ಟ್. ಗೇನನ್ನು ಕಡಿಮೆಯಿಂದ ಏರಿಸುತ್ತಾ ಅಲ್ಲಿಗೆ ನಿಲ್ಲಿಸಿ. ಮುಗಿದ ಮೇಲೆ ಬಾಗಿಲಿನ ಸ್ಪೀಕರಿಗೆ ಹೈಪಾಸ್ (ಕೆಳಗಿನ ಬೇಸ್ ತಡೆಯುವ ಫಿಲ್ಟರ್) 80 ಹರ್ಟ್ಸ್‌ಗೆ ಇಡಿ.

ಪ್ರಶ್ನೆ: ಹೊಸ ಕಾರಿನ ತಂತಿ ಕತ್ತರಿಸದೆ ಆಂಪ್ಲಿಫೈಯರ್ ಹಾಕಬಹುದೇ? ಬ್ಯಾಟರಿ ತಡೆಯುತ್ತದೆಯೇ? – ಉಡುಪಿಯ ಓದುಗರು

ಉತ್ತರ: ಹಾಕಬಹುದು. ನಿಮ್ಮ ಮಾಡೆಲ್ಲಿಗೆ ಸರಿಹೊಂದುವ ಕಪ್ಲರ್ (ತಂತಿ ಕತ್ತರಿಸದೆ ಜೋಡಿಸುವ ಪ್ಲಗ್) ಕೇಳಿ, ಹೈ-ಲೆವೆಲ್ ಇನ್‌ಪುಟ್ ಇರುವ ಆಂಪ್ಲಿಫೈಯರ್ ಆರಿಸಿ. ಅದಕ್ಕೆ ಸ್ಪೀಕರ್ ತಂತಿಯ ಸಿಗ್ನಲ್ಲೇ ಸಾಕು. ಆದರೂ ವಾರಂಟಿ ಷರತ್ತನ್ನು ಶೋರೂಮಿನಲ್ಲಿ ಮೊದಲೇ ವಿಚಾರಿಸಿ.

50 ವ್ಯಾಟ್‌ನ ನಾಲ್ಕು ಚಾನೆಲ್ ಪೂರ್ತಿ ದುಡಿದರೆ ಕ್ಲಾಸ್ ಡಿ ಎಳೆಯುವುದು ಸುಮಾರು 18 ಆಂಪಿಯರ್. ಹಾಡಿನ ಸರಾಸರಿ ಅದರ ಅರ್ಧವೂ ಇರದು, ಹಾಗಾಗಿ ಬ್ಯಾಟರಿ ಬದಲಿಸಬೇಕಿಲ್ಲ. ಎಂಜಿನ್ ನಿಲ್ಲಿಸಿ ಗಂಟೆಗಟ್ಟಲೆ ಹಾಡು ಹಾಕಬೇಡಿ, ಅಷ್ಟೇ. 8 ಗೇಜ್ ತಾಮ್ರದ ತಂತಿಯನ್ನು ನೇರ ಬ್ಯಾಟರಿಯಿಂದ ಎಳೆಸಿ, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ 30 ಆಂಪಿಯರ್ ಫ್ಯೂಸ್ ಹಾಕಿಸಿ. ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನಲ್ಲ, ತಂತಿಯನ್ನು. ದೂರದಲ್ಲಿಟ್ಟರೆ ನಡುವೆ ತಂತಿ ತಗಡಿಗೆ ಉಜ್ಜಿ ಶಾರ್ಟ್ ಆದಾಗ ಬೆಂಕಿ ಹೊತ್ತಿಕೊಳ್ಳಬಹುದು. ಎಂಜಿನ್ ಕಡೆಯಿಂದ ಒಳಕ್ಕೆ ಬರುವ ತೂತಿಗೆ ರಬ್ಬರ್ ಗ್ರಾಮೆಟ್ ಇರಲೇಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ ನಿಮ್ಮೂರಾಗಲಿ, ವೈರಿಂಗ್ ಕಿಟ್ ಕೊಳ್ಳುವಾಗ ಒಂದು ಎಳೆಯನ್ನು ಚಾಕುವಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪನ ಕೊಟ್ಟ ಅಲ್ಯೂಮಿನಿಯಂ. ಅದನ್ನೇ ಕೊಳ್ಳುವುದಾದರೆ ಇನ್ನೂ ದಪ್ಪನೆಯ 4 ಗೇಜ್ ಕೇಳಿ.