ಪ್ರತಿಕ್ರಿಯೆ: ಹಳೆಯ ಸಾಮಾನು ದಾನಕ್ಕೆ ತೆರಿಗೆ ಕಡಿತ

ಸೋಫಾ ಮತ್ತು ಬಟ್ಟೆಗಳ ದಾನಕ್ಕೆ 900 ಡಾಲರ್ ನಮೂದಿಸಿಯೂ ಅಮೆರಿಕದ ತೆರಿಗೆ ಇಳಿಯದಿರಲು, ನೀವು ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚುಗಳ ಪಟ್ಟಿ ಕೊಡದೆಯೇ ಸಿಗುವ ನಿಗದಿತ ಮೊತ್ತದ ಕಡಿತ) ಆಯ್ದಿರುವುದೇ ಬಹುಶಃ ಕಾರಣ. ವಸ್ತುದಾನದ ಕಡಿತವು ಶೆಡ್ಯೂಲ್ ಎ (ಕಡಿತಗಳನ್ನು ಒಂದೊಂದಾಗಿ ಪಟ್ಟಿ ಮಾಡುವ ನಮೂನೆ) ತುಂಬುವವರಿಗೆ ಮಾತ್ರ ದೊರೆಯುತ್ತದೆ. ಮೊದಲು ಗೃಹಸಾಲದ ಬಡ್ಡಿ, ರಾಜ್ಯ ತೆರಿಗೆ, ದಾನ ಮುಂತಾದವುಗಳ ಮೊತ್ತ ಸ್ಟ್ಯಾಂಡರ್ಡ್ ಡಿಡಕ್ಷನ್ ಅನ್ನು ಮೀರುತ್ತದೆಯೇ ಎಂದು ನೋಡಿ. ಮೀರದಿದ್ದರೆ ಈ ಕೆಲಸವನ್ನು ಇಲ್ಲಿಗೇ ಬಿಡಬಹುದು. ಮೀರಿದರೆ, ಸುಸ್ಥಿತಿಯಲ್ಲಿದ್ದ ಪ್ರತಿ ವಸ್ತುವಿಗೂ ನೀವು ಕೊಂಡ ಬೆಲೆಯನ್ನಲ್ಲ, ಅಂಥದೇ ಹಳೆಯ ವಸ್ತು ದಾನದ ದಿನ ಮಾರಾಟವಾಗಬಹುದಾಗಿದ್ದ ಬೆಲೆಯನ್ನು ಬರೆಯಿರಿ (ಬಟ್ಟೆಗಳಿಗೆ ಇದು ನಿರಾಶೆಯಾಗುವಷ್ಟು ಕಡಿಮೆ). ಆಗಲೂ ಒಟ್ಟು ವಸ್ತುದಾನ 500 ಡಾಲರ್ ದಾಟಿದರೆ ವಸ್ತುದಾನದ ವಿವರ ನೀಡುವ ಫಾರ್ಮ್ 8283 ಅನ್ನು ರಿಟರ್ನ್‌ಗೆ ಲಗತ್ತಿಸಬೇಕು. ಒಂದೇ ಸಲ 250 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನದನ್ನು ಕೊಟ್ಟಿದ್ದರೆ, ಪ್ರತಿಯಾಗಿ ನಿಮಗೆ ಏನಾದರೂ ದೊರೆತಿದೆಯೇ ಎಂಬುದನ್ನು ತಿಳಿಸುವ ಲಿಖಿತ ಸ್ವೀಕೃತಿಪತ್ರವನ್ನು ರಿಟರ್ನ್ ಸಲ್ಲಿಸುವ ಮೊದಲೇ ದಾನ ಸ್ವೀಕರಿಸಿದ ಸಂಸ್ಥೆಯಿಂದ ಪಡೆಯಿರಿ.