ಸಂಪಾದಕರ ಉತ್ತರ: ಕೊಸರಿನ ಎದುರು ವ್ಯಾಪಾರ

ಮಾನ್ಯರೆ,

ನಿಮ್ಮ ಪತ್ರ ತಲುಪಿತು. ಅಮೆರಿಕದ ಒಹಾಯೊದಲ್ಲಿರುವ ನಿಮ್ಮ ಮಗ ಹದಿನೈದು ಜನರ ಇಂಟರ್ನೆಟ್ ದೂರವಾಣಿ ಕಂಪನಿಯೊಂದಕ್ಕೆ ಸೇರಲು ಹೊರಟಿರುವುದನ್ನು ತಿಳಿಸಿ, ಅದೇ ವ್ಯಾಪಾರದ ವಾನೇಜ್‌ನಂಥ ದೊಡ್ಡ ಹೆಸರುಗಳೂ ಕೇಬಲ್ ಕಂಪನಿಗಳೂ ಇರುವ ಕಡೆ ಅದು ದರ ಇಳಿಸಿಯಾದರೂ ಬಾಳೀತೆ ಎಂದು ಕೇಳಿದ್ದೀರಿ.

ದರ ಇಳಿಸಿದರೆ ಬಾಳುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಸನ್‌ರಾಕೆಟ್ ಎಂಬ ಕಂಪನಿ ವರ್ಷಕ್ಕೆ 199 ಡಾಲರ್ ಮುಂಗಡ ಪಡೆದು ದೇಶದೊಳಗೆ ಬೇಕಾದಷ್ಟು ಮಾತನಾಡಲು ಬಿಟ್ಟಿತ್ತು. ಸುಮಾರು ಎರಡು ಲಕ್ಷ ಗ್ರಾಹಕರಿದ್ದರೂ 2007ರ ಜುಲೈನಲ್ಲಿ ಏಕಾಏಕಿ ಬಾಗಿಲು ಹಾಕಿತು. ಕೇಬಲ್ ಕಂಪನಿಗಾದರೋ ದೂರವಾಣಿಯೆಂಬುದು ಟಿವಿ, ಇಂಟರ್ನೆಟ್ಟುಗಳ ಮೇಲೆ ಹಾಕುವ ಕೊಸರು. ಕೊಸರು ಹಾಕುವವನೊಡನೆ ತಕ್ಕಡಿ ಹಿಡಿದು ಜಗಳವಾಡಲಾಗದು.

ಚಿಕ್ಕ ಕಂಪನಿ ಮಾರುವ ಸರಕೇ ಬೇರೆ, ಅದು ಸೇವೆ. ಹಲ್ಲಿನ ವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಒಂದು ಬೆಳಿಗ್ಗೆ, ಕರೆ ಮಾಡಿದವರ ಮಾತು ಇಲ್ಲಿ ಕೇಳಿಸುತ್ತದೆ, ಇಲ್ಲಿಯ ಮಾತು ಅತ್ತ ಹೋಗುವುದಿಲ್ಲ ಎಂದಿಟ್ಟುಕೊಳ್ಳಿ. ಇಂಟರ್ನೆಟ್ಟಿನ ವೇಗ ಸಾಲದೆಂದು ಎಲ್ಲರೂ ಅನುಮಾನಿಸುತ್ತಾರಾದರೂ ಒಂದು ಕರೆಗೆ ಸೆಕೆಂಡಿಗೆ 100 ಕಿಲೋಬಿಟ್‌ಗಿಂತ ಕಡಿಮೆ ಸಾಕು. ಇಂಥ ಕಡೆ ತಪ್ಪು ಅನೇಕ ಸಲ ರೂಟರಿನಲ್ಲಿರುತ್ತದೆ: ಕರೆಗೆ ನೆರವಾಗಲೆಂದು ಅದರಲ್ಲಿಟ್ಟಿರುವ ಸಿಪ್ ಎಎಲ್‌ಜಿ ಎಂಬ ಸೌಲಭ್ಯವು ಸಂದೇಶದೊಳಗಿನ ವಿಳಾಸವನ್ನು ತಿದ್ದಲು ಹೋಗಿ ಕೆಡಿಸುತ್ತದೆ, ಧ್ವನಿ ದಾರಿ ತಪ್ಪುತ್ತದೆ. ಆ ಸೌಲಭ್ಯವನ್ನು ನಿಲ್ಲಿಸಲು ಎರಡು ನಿಮಿಷ ಸಾಕು. ಆದರೆ ದೂರದ ಕಾಲ್ ಸೆಂಟರಿನವನು ಬರೆದುಕೊಟ್ಟ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿ ಅಲ್ಲಿಗೆ ಬರುವಷ್ಟರಲ್ಲಿ ಮೂರು ದಿನ ಕಳೆದಿರುತ್ತದೆ, ಕ್ಲಿನಿಕ್ಕಿನ ರೋಗಿಗಳು ಬೇರೆ ವೈದ್ಯರನ್ನು ಹುಡುಕಿಕೊಂಡಿರುತ್ತಾರೆ.

ಕಂಪನಿಯ ಪರವಾಗಿ ಊರಿನಲ್ಲಿ ಗ್ರಾಹಕರನ್ನು ತಂದು ನೋಡಿಕೊಳ್ಳುವ ಸ್ಥಳೀಯ ಪಾಲುದಾರನ ಬೆಲೆ ತಿಳಿಯುವುದು ಇಲ್ಲಿ. ಆ ಕ್ಲಿನಿಕ್ಕಿಗೆ ಕಂಪ್ಯೂಟರ್ ಜೋಡಿಸಿ ವೈರು ಎಳೆದವನು ಅದೇ ಊರಿನವನು. ರೂಟರಿನ ಪಾಸ್‌ವರ್ಡ್ ಅವನ ಬಳಿಯೇ ಇರುತ್ತದೆ. ತಿಂಗಳ ಬಿಲ್ಲಿನಲ್ಲಿ ಅವನಿಗೂ ಪಾಲಿದ್ದರೆ ಕರೆ ಬಂದ ಗಳಿಗೆಯಲ್ಲೇ ಹೊರಡುತ್ತಾನೆ. (ನಮ್ಮಲ್ಲಿ ಕೇಬಲ್ ಟಿವಿ ಬಂದ ಹೊಸತರಲ್ಲಿ ಮಳೆಯಲ್ಲಿ ಏಣಿ ಹೊತ್ತು ಬರುತ್ತಿದ್ದ ಹುಡುಗರನ್ನು ನೀವೂ ಕಂಡಿರಬೇಕು.) ಈ ಏರ್ಪಾಡಿಗೆ ಇನ್ನೊಂದು ಮುಖವೂ ಇದೆ: ಗ್ರಾಹಕರು ನಂಬಿರುವುದು ಅವನನ್ನೇ ಆದ್ದರಿಂದ, ನಂಬರನ್ನು ಉಳಿಸಿಕೊಂಡೇ ಕಂಪನಿ ಬದಲಿಸಬಹುದಾದ ಆ ದೇಶದಲ್ಲಿ, ಅವನು ಮುನಿಸಿಕೊಂಡರೆ ಊರಿಗೆ ಊರೇ ಕೈತಪ್ಪಬಹುದು.

ಸೇವೆಯೆಂದರೆ ಸೌಜನ್ಯವಷ್ಟೇ ಅಲ್ಲ. 2005ರಲ್ಲಿ ಅಲ್ಲಿಯ ಸಂಪರ್ಕ ಆಯೋಗವು, ತುರ್ತು ನೆರವಿನ ಸಂಖ್ಯೆಯಾದ 911ಕ್ಕೆ ಮಾಡಿದ ಕರೆ ಗ್ರಾಹಕ ನೋಂದಾಯಿಸಿದ ವಿಳಾಸದೊಡನೆ ಆ ಪ್ರದೇಶದ ತುರ್ತು ಕೇಂದ್ರಕ್ಕೇ ತಲುಪಬೇಕೆಂದು ಇಂಟರ್ನೆಟ್ ದೂರವಾಣಿ ಕಂಪನಿಗಳಿಗೆ ಆದೇಶಿಸಿತು. ಫೋನನ್ನು ಕಿತ್ತುಕೊಂಡು ಹೊಸ ಕಟ್ಟಡಕ್ಕೆ ಹೋದ ಕ್ಲಿನಿಕ್ಕು ವಿಳಾಸ ಬದಲಿಸಲು ಮರೆತರೆ ಆಂಬುಲೆನ್ಸು ಹಳೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಅದನ್ನು ನೆನಪಿಟ್ಟು ತಿದ್ದಿಸುವವನು ಊರಿನಲ್ಲೇ ಇದ್ದರೆ ಒಳ್ಳೆಯದು.

ಇಂಥದ್ದನ್ನು ಶಿವಮೊಗ್ಗದಲ್ಲಿ ಆರಂಭಿಸಬಹುದೇ ಎಂದೂ ಕೇಳಿದ್ದೀರಿ. ಭಾರತದಲ್ಲಿ 2002ರಿಂದ ಇಂಟರ್ನೆಟ್ ದೂರವಾಣಿಗೆ ಅನುಮತಿಯಿದ್ದರೂ ಸಾಮಾನ್ಯ ಫೋನುಗಳಿಗೆ ಕರೆ ಜೋಡಿಸಲು ದೂರಸಂಪರ್ಕ ಪರವಾನಗಿ ಬೇಕು; ನಾಲ್ಕು ಜನ ಸೇರಿ ಸರ್ವರ್ ಇಟ್ಟು ನಡೆಸುವ ಕೆಲಸವಲ್ಲ.

ನಿಮ್ಮ ಮಗ ಸಂಬಳ ಮಾತಾಡುವ ಮೊದಲು ಒಂದು ಸಂಗತಿ ವಿಚಾರಿಸಲಿ: ಪಾಲುದಾರರಿಗೆ ಕಂಪನಿ ಕೊಡುವ ಹಣ ಗ್ರಾಹಕನನ್ನು ತಂದ ದಿನ ಒಮ್ಮೆ ಮಾತ್ರವೋ, ಗ್ರಾಹಕ ಉಳಿದಿರುವವರೆಗೆ ತಿಂಗಳು ತಿಂಗಳೂ ಸಲ್ಲುತ್ತದೆಯೋ? ಒಮ್ಮೆ ಮಾತ್ರ ಎಂದಾದರೆ ಬೇರೆ ಕೆಲಸ ನೋಡಿಕೊಳ್ಳಲಿ.

— ಸಂ.