ಸಂಪಾದಕರ ಉತ್ತರ: ಬಿ.ಎ. ಓದುವುದು ದಂಡವೇ?

ಮಾನ್ಯರೇ,

ಹಾನಗಲ್ ತಾಲ್ಲೂಕಿನಿಂದ ತಾವು ಬರೆದ ಪತ್ರ ತಲುಪಿದೆ. ಪಿಯುಸಿ ಕಲಾ ವಿಭಾಗದಲ್ಲಿ ಒಳ್ಳೆಯ ಅಂಕ ತೆಗೆದ ತಮ್ಮ ಮಗಳು ಇತಿಹಾಸ ಮತ್ತು ಕನ್ನಡ ಓದಿ ಬಿ.ಎ. ಮಾಡುತ್ತೇನೆಂದು ಹಟ ಹಿಡಿದಿದ್ದಾಳೆಂದೂ, ನೆಂಟರೆಲ್ಲ ಸೇರಿ "ಬಿ.ಎ. ದಂಡ, ಹುಬ್ಬಳ್ಳಿಯ ಯಾವುದಾದರೂ ಖಾಸಗಿ ಕಾಲೇಜಿನಲ್ಲಿ ಬಿ.ಬಿ.ಎ.ಗೆ ಹಾಕಿ" ಎನ್ನುತ್ತಿದ್ದಾರೆಂದೂ ತಿಳಿಸಿದ್ದೀರಿ. ಎರಡು ವರ್ಷದ ಹಿಂದೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ ಮಗ ಇನ್ನೂ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿದ್ದಾನೆ, ಅವನ ಓದಿಗೆ ತೆಗೆದ ಸಾಲ ತೀರಿಲ್ಲ ಎಂಬ ಸಂಗತಿಯನ್ನು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಪದವಿಗಳಲ್ಲಿ ಮೇಲು ಕೀಳು ಉಂಟೇ, ಉಂಟಾದರೆ ಕೀಳಾದುದನ್ನು ಸರ್ಕಾರ ಏಕೆ ನಡೆಸುತ್ತಿದೆ ಎಂಬುದು ತಮ್ಮ ಪ್ರಶ್ನೆ.

ಉಂಟು. ಎಲ್ಲ ಓದೂ ಸಮಾನ ಎಂದು ಬರೆದು ತಮ್ಮನ್ನು ಸಮಾಧಾನಪಡಿಸುವುದು ಸುಲಭ; ಐ.ಎ.ಎಸ್. ಪಾಸಾದ ಬಿ.ಎ. ಪದವೀಧರರ ಹೆಸರುಗಳನ್ನು ಪೋಣಿಸುವುದು ಅದಕ್ಕಿಂತಲೂ ಸುಲಭ. ಲಕ್ಷದಲ್ಲಿ ಒಬ್ಬರಿಗೆ ಒಲಿದದ್ದನ್ನು ತೋರಿಸಿ ಉಳಿದವರಿಗೆ ದಾರಿ ಹೇಳುವುದು ಪತ್ರಿಕೆಯ ಕೆಲಸವಲ್ಲ. ಆದರೆ ಮೇಲು ಕೀಳಿನ ಗೆರೆಯನ್ನು ತಮ್ಮ ನೆಂಟರು ಎಳೆದ ಕಡೆ ನಾನು ಎಳೆಯಲಾರೆ. ಅವರು ನೋಡಿರುವುದು ಪದವಿಯ ಹೆಸರನ್ನು. ಅದನ್ನು ಕಲಿಸುವ ಕಾಲೇಜು ಹೇಗಿದೆ, ಅದಕ್ಕಾಗಿ ಮನೆಯವರು ಎಷ್ಟು ಸಾಲದಲ್ಲಿ ಬೀಳುತ್ತಾರೆ ಎಂಬ ಎರಡು ಸಂಗತಿಗಳು ಹೆಸರಿಗಿಂತ ಹೆಚ್ಚು ತೂಗುತ್ತವೆ.

ಸಾಲದಿಂದಲೇ ಆರಂಭಿಸೋಣ. ಏಳು ಲಕ್ಷ ರೂಪಾಯಿ ಶಿಕ್ಷಣ ಸಾಲವನ್ನು ಶೇ. 10ರ ಬಡ್ಡಿಯಲ್ಲಿ ಏಳು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 11,600 ರೂಪಾಯಿ ಬೀಳುತ್ತದೆ. ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ಹತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಅಂದರೆ ಕೆಲಸ ಸಿಕ್ಕ ಅದೃಷ್ಟವಂತರಿಗೂ ಕೈಗೆ ಬರುವ ಹಣದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬ್ಯಾಂಕಿಗೆ ಹೋಗುತ್ತದೆ. ಕೆಲಸ ಸಿಗದವರ ಪಾಡು ತಮಗೆ ಗೊತ್ತೇ ಇದೆ. ಹಾಗಿದ್ದೂ ತಮ್ಮ ಮನೆಯಲ್ಲಿ ಬಿ.ಇ. ದಂಡವೆಂದು ಯಾರೂ ಅಂದಂತಿಲ್ಲ. ಎಂಜಿನಿಯರಿಂಗ್ ಓದಿ ಕೆಲಸ ಸಿಗದಿದ್ದರೆ ಅದು ಹುಡುಗನ ಹಣೆಬರಹ, ಬಿ.ಎ. ಓದಿ ಸಿಗದಿದ್ದರೆ ಅದು ಪದವಿಯ ದೋಷ ಎಂಬ ಲೆಕ್ಕಾಚಾರ ನಮ್ಮಲ್ಲಿ ಹೇಗೆ ಬೇರೂರಿತೋ ತಿಳಿಯದು.

ಸರ್ಕಾರಕ್ಕೆ ಈ ಭೇದ ಇದ್ದಂತಿಲ್ಲ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆಯಡಿ ಕೆಲಸವಿಲ್ಲದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಭತ್ಯೆ ಇದೆ. ಇತಿಹಾಸ ಓದಿದವರಿಗೂ ಅಷ್ಟೇ, ಎಂಜಿನಿಯರಿಂಗ್ ಓದಿದವರಿಗೂ ಅಷ್ಟೇ. ಪಿ.ಎಸ್.ಐ., ಪಿ.ಡಿ.ಒ., ಕೆ.ಎ.ಎಸ್. ಹುದ್ದೆಗಳಿಗೆ ಯಾವುದೇ ಪದವಿ ಸಾಕು. 2024ರಲ್ಲಿ 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಾಗ ಕೇಳಿದ ವಿದ್ಯಾರ್ಹತೆ ಬರೀ ಪಿಯುಸಿ. ಅರ್ಜಿಗಳು ಬಂದದ್ದು ಲಕ್ಷಗಟ್ಟಲೆ, ಅವುಗಳಲ್ಲಿ ಪದವೀಧರರದೂ ಧಾರಾಳವಾಗಿದ್ದವು. ತಮ್ಮ ಮಗ ಈಗ ನಿಂತಿರುವ ಸರತಿಯಲ್ಲಿ ಅವನ ಮುಂದೆಯೂ ಹಿಂದೆಯೂ ಬಿ.ಎ. ಓದಿದವರೇ ಇದ್ದಾರೆ.

ಇದೇ ಚರ್ಚೆ ಇಂಗ್ಲೆಂಡಿನಲ್ಲಿ ಬಹಳ ಜೋರಾಗಿ ನಡೆದಿದೆ. ಅಲ್ಲಿ ವಿದ್ಯಾರ್ಥಿಗಳ ಪದವಿ ದಾಖಲೆಗಳನ್ನು ಮುಂದೆ ಅವರು ಕಟ್ಟಿದ ತೆರಿಗೆಯ ದಾಖಲೆಗಳ ಜೊತೆ ಜೋಡಿಸಿ ನೋಡುವ ವ್ಯವಸ್ಥೆ ಇರುವುದರಿಂದ, ಯಾವ ಪದವಿಯಿಂದ ಎಷ್ಟು ಗಳಿಕೆಯಾಯಿತು ಎಂದು ಅಂದಾಜಿಸಲು ಸಾಧ್ಯ. ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪದವಿಗೆ ಸೇರಿದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಸೇರದೆ ಇದ್ದಿದ್ದರೇ ಹಣದ ಮಟ್ಟಿಗೆ ಮೇಲಿರುತ್ತಿದ್ದರು. ಗಳಿಕೆ ಕಡಿಮೆ ತರುವ ಪದವಿಗಳಿಗೆ ಪ್ರವೇಶ ಮಿತಿಗೊಳಿಸುವುದಾಗಿ 2023ರಲ್ಲಿ ಅಂದಿನ ಪ್ರಧಾನಿ ರಿಷಿ ಸುನಕ್ ಘೋಷಿಸಿದ್ದೂ ಇಂಥ ಲೆಕ್ಕಗಳ ಬಲದ ಮೇಲೆಯೇ. ಆದರೆ ಒಂದೇ ವಿಷಯ ಓದಿದವರ ನಡುವೆಯೂ, ಓದಿದ ವಿಶ್ವವಿದ್ಯಾಲಯ ಯಾವುದು ಎಂಬುದರ ಮೇಲೆ ಗಳಿಕೆಯಲ್ಲಿ ದೊಡ್ಡ ಅಂತರ ಇರುತ್ತದೆಂಬುದನ್ನೂ ಅದೇ ದಾಖಲೆಗಳು ತೋರಿಸಿವೆ. ನಮ್ಮಲ್ಲಿ ಅಂಥ ಲೆಕ್ಕವಿಲ್ಲ; ಇರುವುದು ಖಾಸಗಿ ಕಾಲೇಜುಗಳ ಬಣ್ಣದ ಕರಪತ್ರಗಳು ಮತ್ತು ನೆಂಟರ ಮಾತು.

ಈಗ ಬಿ.ಎ. ವಿಷಯ. ಇತಿಹಾಸವನ್ನು ಕೀಳು ಓದು ಎನ್ನುವವರನ್ನು ನಾನು ಒಪ್ಪುವುದಿಲ್ಲ. ಆದರೆ ನಮ್ಮ ಅನೇಕ ಕಾಲೇಜುಗಳಲ್ಲಿ ಇತಿಹಾಸದ ಹೆಸರಿನಲ್ಲಿ ನಡೆಯುತ್ತಿರುವುದು ಕೀಳು ಓದು ಎನ್ನುವವರಿಗೆ ಎದುರು ಹೇಳಲು ನನ್ನ ಬಳಿ ಏನೂ ಇಲ್ಲ. ತಮ್ಮ ಊರಿನ ಹತ್ತಿರದ ನಿದರ್ಶನವನ್ನೇ ತೆಗೆದುಕೊಳ್ಳಿ. ಹಾನಗಲ್ಲಿನ ತಾರಕೇಶ್ವರ ಗುಡಿಯೊಳಗೆ ನಿಂತು ತಲೆಯೆತ್ತಿದರೆ ಕಮಲದಂತೆ ಅರಳಿದ ಕಲ್ಲಿನ ಛತ್ತು ಕಾಣುತ್ತದೆ, ಹೊರಗೆ ವೀರಗಲ್ಲುಗಳಿವೆ. ಕಲ್ಯಾಣ ಚಾಲುಕ್ಯರ ವಾಸ್ತುಶಿಲ್ಪದ ಮೇಲೆ ಹತ್ತು ಅಂಕದ ಪ್ರಶ್ನೆಗೆ ನಾಲ್ಕು ಪುಟ ಬರೆಯುವ ಹುಡುಗ, ಆ ಛತ್ತಿನ ಕಲ್ಲುಗಳು ಒಂದರ ಮೇಲೊಂದು ಹೇಗೆ ಚಾಚಿ ನಿಂತಿವೆ ಎಂದು ಒಮ್ಮೆಯೂ ನೋಡದೆ, ಊರಿನ ಶಾಸನದ ಒಂದು ಸಾಲನ್ನೂ ಓದಲು ಕಲಿಯದೆ, ಗೈಡಿನಲ್ಲಿ ಗುರುತು ಹಾಕಿದ ಇಪ್ಪತ್ತು ಪ್ರಶ್ನೆಗಳನ್ನು ಉರು ಹೊಡೆದು ಪ್ರಥಮ ದರ್ಜೆಯಲ್ಲಿ ಪಾಸಾಗಬಹುದು. ಅವನಿಗೆ ಸಿಕ್ಕ ಪ್ರಮಾಣಪತ್ರಕ್ಕೆ ಬೆಲೆ ಇಲ್ಲದಿದ್ದರೆ ಅದರ ಹೊಣೆ ಚಾಲುಕ್ಯರದಲ್ಲ.

ಹೊಣೆ ಯಾರದು ಎಂದರೆ, ತಾವು ಯಾರನ್ನು ಪ್ರಶ್ನಿಸಿದ್ದೀರೋ ಅವರದೇ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ದುಡಿಮೆಯ ಮೇಲೆ ನಿಂತಿವೆ. ಮುಂದಿನ ವರ್ಷ ತಾನು ಇರುತ್ತೇನೋ ಇಲ್ಲವೋ ತಿಳಿಯದ ಉಪನ್ಯಾಸಕರು ಮಕ್ಕಳನ್ನು ಗುಡಿಗೆ ಕರೆದೊಯ್ದು ಶಾಸನ ಓದಿಸಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ; ಹಾಗೆ ಮಾಡುವವರೂ ಇದ್ದಾರೆಂಬುದು ಅವರ ದೊಡ್ಡತನ. 2023ರ ಕೊನೆಯಲ್ಲಿ ಅವರು ಸೇವಾ ಭದ್ರತೆ ಕೇಳಿ ಮುಷ್ಕರ ಹೂಡಿದಾಗ ಅನೇಕ ಕಾಲೇಜುಗಳಲ್ಲಿ ವಾರಗಟ್ಟಲೆ ಪಾಠವೇ ನಡೆಯಲಿಲ್ಲ. ಇದರ ಮೇಲೆ ಪಠ್ಯಕ್ರಮದ ಗೊಂದಲ ಬೇರೆ: 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಈಚೆಗಷ್ಟೇ ಸ್ಥಾಪಿಸಿದ, ತಮ್ಮ ಹಾವೇರಿಯದೂ ಸೇರಿದಂತೆ ಕೆಲವು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ಕೇಳಿಬಂತು.

ಹಾಗೆಂದು ತಾಲ್ಲೂಕು ಕಾಲೇಜುಗಳ ಬಿ.ಎ. ಮುಚ್ಚಿಬಿಟ್ಟರೆ ಅಲ್ಲಿನ ಹುಡುಗಿಯರು ಹುಬ್ಬಳ್ಳಿಗೆ ಹೋಗಿ ಬಿ.ಬಿ.ಎ. ಸೇರುವುದಿಲ್ಲ. ಪಿಯುಸಿಗೇ ಓದು ಬಿಟ್ಟು ಮನೆಯಲ್ಲಿ ಉಳಿಯುತ್ತಾರೆ, ಆಮೇಲೆ ಮನೆಯವರು ಗಂಡು ನೋಡುತ್ತಾರೆ. ಶಕ್ತಿ ಯೋಜನೆಯ ಬಸ್ಸು ಹತ್ತಿ ಮೂರು ವರ್ಷ ಕಾಲೇಜಿಗೆ ಹೋಗಿಬರುವುದಕ್ಕೆ ಯಾವ ತೆರಿಗೆ ದಾಖಲೆಯಲ್ಲೂ ಕಾಣದ ಬೆಲೆಯೊಂದಿದೆ, ಅದನ್ನು ತಮ್ಮಂಥ ತಂದೆಗೆ ನಾನು ವಿವರಿಸಬೇಕಿಲ್ಲ. ಆದ್ದರಿಂದ ಸರ್ಕಾರ ಬಿ.ಎ. ನಡೆಸುತ್ತಿರುವುದರಲ್ಲಿ ತಪ್ಪಿಲ್ಲ, ಅದನ್ನು ಬಡವರ ಮಕ್ಕಳಿಗೆ ಇಷ್ಟು ಸಾಕು ಎಂಬ ಧೋರಣೆಯಿಂದ ನಡೆಸುತ್ತಿರುವುದು ತಪ್ಪು.

ಮಗಳನ್ನು ಬಿ.ಎ.ಗೇ ಸೇರಿಸಿ. ಆದರೆ ಹತ್ತಿರದ ಕಾಲೇಜು ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಆರಿಸಬೇಡಿ. ಇತಿಹಾಸ ವಿಭಾಗದಲ್ಲಿ ಕಾಯಂ ಉಪನ್ಯಾಸಕರು ಎಷ್ಟು ಜನ, ಗ್ರಂಥಾಲಯದಿಂದ ವಿದ್ಯಾರ್ಥಿಗಳಿಗೆ ಪುಸ್ತಕ ಮನೆಗೆ ಕೊಡುತ್ತಾರೆಯೇ ಎಂದು ಕಾಲೇಜಿಗೆ ಹೋಗಿ ವಿಚಾರಿಸಿ. ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿನಿಯರನ್ನು ಮಾತನಾಡಿಸಿದರೆ ಪ್ರಾಂಶುಪಾಲರು ಹೇಳದ ಸಂಗತಿಗಳೂ ತಿಳಿಯುತ್ತವೆ. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿನಂಥ ಹಳೆಯ ಸಂಸ್ಥೆಗಳಿಗೂ ಅರ್ಜಿ ಹಾಕಿಸಿ. ಅಲ್ಲಿ ಹಾಸ್ಟೆಲ್‌ನಲ್ಲಿಟ್ಟು ಓದಿಸಿದರೂ ಖಾಸಗಿ ಬಿ.ಬಿ.ಎ. ಶುಲ್ಕಕ್ಕೆ ಹೋಲಿಸಿದರೆ ಖರ್ಚು ಹೆಚ್ಚಾಗಲಾರದು. ಮುಂದೆ ಬಿ.ಇಡಿ. ಮಾಡಿ ಶಿಕ್ಷಕಿಯಾಗುವ ಮನಸ್ಸಿದ್ದರೆ, ನೇಮಕಾತಿಯಲ್ಲಿ ಪದವಿಯ ವಿಷಯ ಸಂಯೋಜನೆಯನ್ನು ನೋಡುತ್ತಾರಾದ್ದರಿಂದ, ಇತಿಹಾಸ ಕನ್ನಡಗಳ ಜೊತೆಗೆ ಬೇರೇನು ತೆಗೆದುಕೊಳ್ಳಬೇಕೆಂಬುದನ್ನು ಹಿಂದಿನ ನೇಮಕಾತಿ ಅಧಿಸೂಚನೆ ನೋಡಿ ಈಗಲೇ ತೀರ್ಮಾನಿಸುವುದು ಒಳ್ಳೆಯದು.

ಮಗನ ಬಗ್ಗೆ ತಾವು ಕೇಳಿಲ್ಲ, ಆದರೂ ಒಂದು ಮಾತು. ಎಚ್.ಎ.ಎಲ್., ಬಿ.ಇ.ಎಲ್. ಮುಂತಾದ ಸಂಸ್ಥೆಗಳು ಈಚೆಗೆ ಪದವಿ ಮುಗಿಸಿದ ಎಂಜಿನಿಯರುಗಳನ್ನು ಶಿಷ್ಯವೇತನ ಕೊಟ್ಟು ಒಂದು ವರ್ಷದ ಅಪ್ರೆಂಟಿಸ್ ತರಬೇತಿಗೆ ತೆಗೆದುಕೊಳ್ಳುತ್ತವೆ. ಪದವಿ ಮುಗಿದು ಇಷ್ಟೇ ವರ್ಷದೊಳಗೆ ಎಂಬ ಮಿತಿ ಅದಕ್ಕೆ ಇರುತ್ತದೆ. ಸರ್ಕಾರಿ ನೌಕರಿಯ ಇನ್ನೊಂದು ಅಧಿಸೂಚನೆಗೆ ಕಾಯುತ್ತಾ ಕುಳಿತರೆ ಆ ಅವಧಿ ಕಳೆದುಹೋಗುತ್ತದೆಂದು ಅವನಿಗೆ ತಿಳಿಸಿ.

— ಸಂಪಾದಕ